‘ತಪ್ಪು ಕಾಗುಣಿತ’ವೋ ‘ರೂಪಭೇದ’ವೋ: ಮನೆತನದ ಹೆಸರುಗಳ ಬಗ್ಗೆ ಒಂದು ಪದಪ್ರಶ್ನೆ

ವಂಶಾವಳಿ ಹುಡುಕುವವರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದು, ಒಂದು ಪದದ ಮುಂದೆ ಹಲವು ದಿನಗಳಿಂದ ನಿಂತುಬಿಟ್ಟಿದ್ದೇನೆ. ಒಂದೇ ಮನೆತನದ ಹೆಸರು ಹಳೆಯ ದಾಖಲೆಗಳಲ್ಲಿ ಬೇರೆ ಬೇರೆ ಅಕ್ಷರಗಳಲ್ಲಿ ಬರುವುದನ್ನು ಏನೆಂದು ಕರೆಯಬೇಕು ಎಂಬುದೇ ಆ ತೊಡಕು. ಕೈಗೆ ಮೊದಲು ಸಿಗುವ ಪದ ‘ತಪ್ಪು ಕಾಗುಣಿತ’. ಅದನ್ನು ಬಳಸಲು ನನಗೆ ಮನಸ್ಸಿಲ್ಲ. ಏಕೆಂದರೆ ತಪ್ಪು ಎಂದೊಡನೆ ಎಲ್ಲೋ ಒಂದು ಸರಿ ಇದೆ ಎಂದು ಓದುಗರು ನಂಬುತ್ತಾರೆ, ಆ ‘ಸರಿ’ ರೂಪವನ್ನು ಮಾತ್ರ ಹುಡುಕುತ್ತಾರೆ, ಮತ್ತು ಅದು ಸಿಗದಿದ್ದಾಗ ತಮ್ಮ ಪೂರ್ವಜರು ಆ ದಾಖಲೆಯಲ್ಲಿಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ.

ನುಡಿದಂತೆ ಬರೆಯುವ ಲಿಪಿಗೆ ಒಗ್ಗಿದ ನಮಗೆ ರೋಮನ್ ಲಿಪಿಯ ಈ ಚಂಚಲತೆ ಸುಲಭವಾಗಿ ಮನಸ್ಸಿಗೆ ಹತ್ತುವುದಿಲ್ಲ. ಇಂಗ್ಲೆಂಡಿನ ಚರ್ಚುಗಳಲ್ಲಿ 1538ರಿಂದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ದಾಖಲೆ ಇಡಬೇಕೆಂಬ ಆಜ್ಞೆಯಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಜನನ ಮರಣ ನೋಂದಣಿ ಶುರುವಾದದ್ದು 1837ರಲ್ಲಿ. ಈ ನಡುವಿನ ಮೂರು ಶತಮಾನಗಳಲ್ಲಿ ಹೆಸರನ್ನು ಹೇಳುತ್ತಿದ್ದವರು ಒಬ್ಬರು, ಬರೆಯುತ್ತಿದ್ದವರು ಇನ್ನೊಬ್ಬರು, ಮತ್ತು ಹೇಳಿದವರಿಗೆ ಎಷ್ಟೋ ಸಲ ಬರೆದದ್ದನ್ನು ಓದಿ ತಿದ್ದುವ ಅಕ್ಷರಜ್ಞಾನವೂ ಇರುತ್ತಿರಲಿಲ್ಲ. ಅಕ್ಷರಸ್ಥರ ಸ್ಥಿತಿಯೂ ಬಹಳ ಬೇರೆಯಾಗಿರಲಿಲ್ಲ. ಷೇಕ್ಸ್‌ಪಿಯರ್‌ನದೆಂದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಆರು ಸಹಿಗಳಲ್ಲಿ ಅವನ ಹೆಸರು ಒಂದೇ ರೀತಿ ಬರೆದಿಲ್ಲ, ಮತ್ತು ಇಂದು ಮುದ್ರಣದಲ್ಲಿ ನಿಂತಿರುವ ರೂಪ ಆ ಆರರಲ್ಲಿ ಒಂದರಲ್ಲೂ ಇಲ್ಲ. ತನ್ನ ಹೆಸರನ್ನು ತಾನೇ ತಪ್ಪಾಗಿ ಬರೆದುಕೊಂಡನೆಂದು ಅವನ ಬಗ್ಗೆ ಹೇಳಲಾಗದಿದ್ದರೆ, ಒಬ್ಬ ಅನಾಮಿಕ ರೈತನ ಹೆಸರಿನ ಬಗ್ಗೆಯೂ ಹಾಗೆ ಹೇಳಲಾಗದು.

ಮೊದಲು ನನಗೆ ಹೊಳೆದದ್ದು ಗ್ರಂಥಸಂಪಾದನೆಯ ‘ಪಾಠಾಂತರ’. ಬಹಳ ಪ್ರೀತಿಯ ಪದ ಅದು, ಕನ್ನಡಿಗರಿಗೆ ಹೊಸದೂ ಅಲ್ಲ. ಆದರೆ ಪಾಠಾಂತರಗಳ ಹಿಂದೆ ಕವಿ ಬರೆದ ಒಂದು ಮೂಲಪಾಠವಿದೆ ಎಂಬ ಗ್ರಹಿಕೆ ಆ ಪದದಲ್ಲೇ ಅಡಗಿದೆ. ಸಂಪಾದಕ ಪ್ರತಿಗಳನ್ನು ಹೋಲಿಸಿ ಆ ಮೂಲದತ್ತ ಹಿಂತಿರುಗಲು ಶ್ರಮಿಸುತ್ತಾನೆ. ಮನೆತನದ ಹೆಸರಿಗಾದರೋ ಅಂಥ ಮೂಲಬರಹ ಇರಬೇಕಾಗಿಲ್ಲ. ಅದು ಮೊದಲು ಬಾಯಿಮಾತು, ಬರಹಗಳೆಲ್ಲ ಆ ಮಾತನ್ನು ಹಿಡಿಯಲು ಮಾಡಿದ ಸಮಾನ ಪ್ರಯತ್ನಗಳು. ಆದ್ದರಿಂದ ‘ರೂಪಭೇದ’ ಎಂಬುದೇ ಹೆಚ್ಚು ನ್ಯಾಯವಾದ ಪದವೆಂದು ನನಗೆ ತೋರುತ್ತದೆ.

ಹಾಗೆಂದು ಎಲ್ಲವನ್ನೂ ರೂಪಭೇದವೆನ್ನಲು ಬರುವುದಿಲ್ಲ. ಹಳೆಯ ಇಂಗ್ಲಿಷ್ ಕೈಬರಹದಲ್ಲಿ ಎಸ್ ಅಕ್ಷರಕ್ಕೆ ಉದ್ದನೆಯ ಒಂದು ಆಕಾರವಿತ್ತು. ಅದನ್ನು ಇಂದಿನವರು ಎಫ್ ಎಂದು ಓದಿ ರಾಸ್ ಎಂಬ ಹೆಸರಿನ ನಡುವೆ ಎಫ್ ಅಕ್ಷರವನ್ನು ತೂರಿಸಿಬಿಡುತ್ತಾರೆ. ಇದು ಆ ಮನೆಯವರು ಎಂದೂ ಬಳಸದ ರೂಪ, ಪ್ರತಿ ಮಾಡಿದವರ ಕಣ್ಣು ಹುಟ್ಟಿಸಿದ್ದು. ಇದಕ್ಕೆ ಗ್ರಂಥಸಂಪಾದನೆಯ ‘ಅಪಪಾಠ’ವನ್ನೇ ಎರವಲು ಪಡೆಯಬಹುದು, ಏಕೆಂದರೆ ಇಲ್ಲಿ ನಿಜವಾಗಿಯೂ ಹಿಂತಿರುಗಿ ನೋಡಬಹುದಾದ ಒಂದು ಮೂಲಬರಹ ಇದೆ. ಪೋಲಿಷ್‌ನಲ್ಲಿ ತಂದೆ ಕೊವಾಲ್ಸ್ಕಿ, ಮಗಳು ಕೊವಾಲ್ಸ್ಕಾ ಆಗುವುದು ಇವೆರಡೂ ಅಲ್ಲ. ಅದು ಬರೀ ಲಿಂಗಪ್ರತ್ಯಯ, ವ್ಯಾಕರಣ ಬಲ್ಲ ಕನ್ನಡಿಗರಿಗೆ ಒಂದು ಸಾಲಿನ ವಿವರಣೆ ಸಾಕು.

ಧ್ವನಿಗೂ ಅಕ್ಷರಕ್ಕೂ ಇರುವ ಈ ಬಿರುಕನ್ನು ದಾಟಲು ಹುಟ್ಟಿದ ಸೌಂಡೆಕ್ಸ್ ಎಂಬ ವಿಧಾನಕ್ಕೆ ಅಮೆರಿಕದಲ್ಲಿ 1918ರಲ್ಲಿ ಪೇಟೆಂಟ್ ಸಿಕ್ಕಿತು. ಹೆಸರಿನ ಮೊದಲ ಅಕ್ಷರವನ್ನು ಉಳಿಸಿಕೊಂಡು, ಸ್ವರಗಳನ್ನೂ ಎಚ್, ಡಬ್ಲ್ಯೂ, ವೈಗಳನ್ನೂ ಕೈಬಿಟ್ಟು, ಉಳಿದ ವ್ಯಂಜನಗಳಿಗೆ ವರ್ಗಾನುಸಾರ 1ರಿಂದ 6ರವರೆಗಿನ ಅಂಕಿ ಕೊಡುವುದು, ಮೂರು ಅಂಕಿ ತುಂಬದಿದ್ದರೆ ಸೊನ್ನೆ ಸೇರಿಸುವುದು ಅದರ ತಿರುಳು. ಓಷ್ಠ್ಯಗಳಾದ ಬಿ, ಪಿಗಳನ್ನು ಒಂದೆಡೆ, ಡಿ, ಟಿಗಳನ್ನು ಇನ್ನೊಂದೆಡೆ ಕೂಡಿಸುವ ಈ ಕ್ರಮ ವರ್ಗೀಯ ವ್ಯಂಜನಗಳನ್ನು ಬಾಯಿಪಾಠ ಮಾಡಿದ ನಮಗೆ ಆಪ್ತವಾಗಿಯೇ ಕಾಣಬೇಕು. ಸ್ಮಿತ್ ಎಂಬ ಹೆಸರಿನ ನಡುವೆ ಐ ಇರಲಿ, ವೈ ಇರಲಿ, ಸಂಕೇತ ಎಸ್ 530 ಆಗಿಯೇ ಉಳಿಯುತ್ತದೆ. ಆದರೆ ಲೀ ಎಂಬ ಹೆಸರನ್ನು ಎಲ್-ಇ-ಇ ಎಂದು ಬರೆದರೆ ಎಲ್ 000, ಎಲ್-ಇ-ಐ-ಜಿ-ಎಚ್ ಎಂದು ಬರೆದರೆ ಎಲ್ 200. ಉಚ್ಚಾರವಾಗದ ಜಿ ಅಕ್ಷರಕ್ಕೂ ಅಂಕಿ ಬೀಳುವುದರಿಂದ ಕಿವಿಗೆ ಒಂದೇ ಆಗಿರುವ ಹೆಸರು ಪಟ್ಟಿಯಲ್ಲಿ ಎರಡಾಗುತ್ತದೆ. ಅಂದರೆ ಈ ವಿಧಾನದ ಹೆಸರಿನಲ್ಲೇ ‘ಧ್ವನಿ’ (ಸೌಂಡ್) ಇದ್ದರೂ ಅದು ಅಕ್ಷರವನ್ನೇ ಎಣಿಸುತ್ತದೆ. ಹಾಗಾಗಿ ಇದನ್ನು ‘ಧ್ವನಿಸಂಕೇತ’ ಎನ್ನುವ ಬದಲು ಸೌಂಡೆಕ್ಸ್ ಎಂದೇ ಉಳಿಸಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ.

‘ಅಡ್ಡಹೆಸರು’ ಎಂಬುದನ್ನು ನಾನು ಕೈಬಿಟ್ಟಿದ್ದೇನೆ. ಅದು ಕೆಲವರಿಗೆ ಮನೆತನದ ಹೆಸರು, ಇನ್ನು ಕೆಲವರಿಗೆ ತಮಾಷೆಗೆ ಇಟ್ಟ ಹೆಸರು. ಕೈಪಿಡಿಯಲ್ಲಿ ಈ ಗೊಂದಲ ಬೇಡ.

ಉಳಿದಿರುವ ಪ್ರಶ್ನೆ ಇದು. ಜರ್ಮನ್ ಭಾಷೆಯಲ್ಲಿ ಕಮ್ಮಾರ ಎಂದು ಅರ್ಥವಿರುವ ಶ್ಮಿಟ್ ಎಂಬವರು ಅಮೆರಿಕಕ್ಕೆ ಹೋಗಿ ಸ್ಮಿತ್ ಆದರು, ಬಡಗಿ ಎಂದು ಅರ್ಥವಿರುವ ತ್ಸಿಮರ್ಮನ್ ಎಂಬವರು ಕಾರ್ಪೆಂಟರ್ ಆದರು. ಇದನ್ನು ನ್ಯೂಯಾರ್ಕ್ ಬಂದರಿನಲ್ಲಿ ವಲಸಿಗರ ತಪಾಸಣಾ ಕೇಂದ್ರವಾಗಿದ್ದ ಎಲ್ಲಿಸ್ ದ್ವೀಪದ ಅಧಿಕಾರಿಗಳು ಮಾಡಿದರೆಂಬ ಮಾತು ಬಹಳ ಹರಡಿದೆ, ಆದರೆ ಅಲ್ಲಿನವರು ಹಡಗು ಹೊರಟ ಬಂದರಿನಲ್ಲಿ ಬರೆದ ಪ್ರಯಾಣಿಕರ ಪಟ್ಟಿಯನ್ನು ಮುಂದಿಟ್ಟುಕೊಂಡೇ ವಿಚಾರಿಸುತ್ತಿದ್ದರು. ಹೆಸರು ಬದಲಿಸಿಕೊಂಡವರು ಸಾಮಾನ್ಯವಾಗಿ ಆಮೇಲೆ ತಾವಾಗಿಯೇ ಬದಲಿಸಿಕೊಂಡರು. ಶ್ಮಿಟ್ ಮತ್ತು ಸ್ಮಿತ್ ಎರಡಕ್ಕೂ ಸೌಂಡೆಕ್ಸ್ ಕೊಡುವುದು ಎಸ್ 530 ಎಂಬ ಒಂದೇ ಸಂಕೇತ, ಆದ್ದರಿಂದ ಪಟ್ಟಿಯಲ್ಲಿ ಇದು ರೂಪಭೇದದಂತೆಯೇ ಕಾಣುತ್ತದೆ. ಆದರೆ ಇಲ್ಲಿ ಬರೆಯುವವರ ಕಿವಿಯಲ್ಲ, ಮನೆಯವರ ನಿರ್ಧಾರ ಕೆಲಸ ಮಾಡಿದೆ. ‘ಅನುವಾದಿತ ಹೆಸರು’ ಎಂದರೆ ಕಾರ್ಪೆಂಟರ್‌ಗೆ ಒಪ್ಪುತ್ತದೆ, ಅರ್ಥವೂ ಉಲಿಯೂ ಎರಡೂ ಹತ್ತಿರವಿರುವ ಸ್ಮಿತ್‌ಗೆ ಪೂರ್ತಿ ಒಪ್ಪುವುದಿಲ್ಲ. ‘ಹೆಸರಾಂತರ’ ಎಂಬ ಹೊಸ ಪದವನ್ನು ಕಟ್ಟಿ ನೋಡಿದ್ದೇನೆ, ಕನ್ನಡ ಪದಕ್ಕೆ ಸಂಸ್ಕೃತದ ‘ಅಂತರ’ವನ್ನು ಹೀಗೆ ಹೊಲಿಯುವುದು ಕಿವಿಗೆ ಒಡ್ಡೊಡ್ಡಾಗಿದೆ. ‘ನಾಮಾಂತರ’ ಶುದ್ಧವಾಗಿದೆ, ಆದರೆ ಅದು ಒಂದೇ ವಸ್ತುವಿನ ಇನ್ನೊಂದು ಹೆಸರು ಎಂಬ ಅರ್ಥದಲ್ಲಿ ಆಗಲೇ ನಿಂತುಬಿಟ್ಟಿದೆ. ತಾವಾಗಿಯೇ ಬದಲಿಸಿಕೊಂಡ ಮನೆತನದ ಹೆಸರಿಗೆ ಇವುಗಳಿಗಿಂತ ಹೊಂದುವ ಪದ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.