ಪ್ರೆಶರ್ ಕುಕ್ಕರ್ ರಿಬ್ಸ್: ತಳ ಸೀಯುತ್ತದೆ, ಸಾಸ್ ನೀರಾಗುತ್ತದೆ, ಮಾಂಸ ಉದುರುತ್ತದೆ

ಮಿಸೌರಿ ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾನಿರುವುದು ಸೇಂಟ್ ಲೂಯಿಸ್‌ನಲ್ಲಿ. ನಮ್ಮ ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಇದ್ದಿಲು ಹಚ್ಚುವ ಹಾಗಿಲ್ಲ. ಹಾಗಾಗಿ 6 ಕ್ವಾರ್ಟಿನ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್‌ನಲ್ಲೇ ಬಾರ್ಬೆಕ್ಯೂ ಪೋರ್ಕ್ ರಿಬ್ಸ್ (ಹಂದಿಯ ಪಕ್ಕೆಲುಬು) ಮಾಡುತ್ತಿದ್ದೇನೆ. ಸರಿಯಾಗಿ ಬರುತ್ತಿಲ್ಲ.

ನಾನು ಮಾಡುವುದು ಹೀಗೆ. ರಿಬ್ಸ್‌ಗೆ ಉಪ್ಪು, ಖಾರದ ಪುಡಿ, ಬ್ರೌನ್ ಶುಗರ್ ಸವರುತ್ತೇನೆ. ಪಾತ್ರೆಯೊಳಗೆ ಇಟ್ಟು ಮೇಲೆ ಒಂದು ಬಾಟಲ್ ಬಾರ್ಬೆಕ್ಯೂ ಸಾಸ್ ಸುರಿದು, ಅರ್ಧ ಕಪ್ ನೀರು ಹಾಕುತ್ತೇನೆ. ಹೈ ಪ್ರೆಶರ್‌ನಲ್ಲಿ 45 ನಿಮಿಷ. ಮುಗಿದ ತಕ್ಷಣ ವಾಲ್ವ್ ತೆಗೆದು ಹಬೆ ಬಿಡುತ್ತೇನೆ.

ಅರ್ಧ ದಾರಿಯಲ್ಲೇ ‘ಬರ್ನ್’ ಅಂತ ತೋರಿಸಿ ನಿಂತುಬಿಡುತ್ತದೆ. ತಳದಲ್ಲಿ ಕಪ್ಪಗೆ ಗಟ್ಟಿ ಪದರ. ಸಾಸ್ ಮಾತ್ರ ತಿಳಿಸಾರಿನ ಹಾಗೆ ನೀರು. ಮಾಂಸ ಮೂಳೆ ಬಿಟ್ಟು ಉದುರುತ್ತದೆ, ಆದರೂ ಬಾಯಲ್ಲಿ ನಾರುನಾರು, ಒಣಕಲು. ಅಷ್ಟು ಬೆಂದ ಮೇಲೂ ಒಣಗುವುದು ಹೇಗೆ? ಮೇಲಿಂದ ಉಪ್ಪೂ ಜಾಸ್ತಿ. ಕುಕ್ಕರ್‌ದೇ ತೊಂದರೆ ಇರಬಹುದಾ?

ಇದ್ದಿಲು ಒಲೆ

ಕುಕ್ಕರ್ ಚೆನ್ನಾಗಿಯೇ ಇದೆ, ಎಸೆಯಬೇಡಿ. ಉತ್ತರ ಬರೆಯುವ ಮೊದಲು ಮೂರು ವಿಷಯ ಹೇಳಿ. ತಂದಿದ್ದು ಬೇಬಿ ಬ್ಯಾಕಾ (ಬೆನ್ನಿನ ಕಡೆಯ ಚಿಕ್ಕ ರಿಬ್ಸ್), ಸ್ಪೇರ್ ರಿಬ್ಸಾ (ಹೊಟ್ಟೆ ಕಡೆಯ ದೊಡ್ಡವು)? ಮೂಳೆ ಕಡೆಯ ಪೊರೆ ತೆಗೆದಿದ್ದೀರಾ? ಪ್ಯಾಕೆಟ್ ಮೇಲೆ ಸಣ್ಣ ಅಕ್ಷರದಲ್ಲಿ ‘ಸಲ್ಯೂಶನ್’ ಅಂತ ಏನಾದರೂ ಇದೆಯಾ?

ಮಿಸೌರಿ ಮಂಡ್ಯ

ಲೇಬಲ್‌ನಲ್ಲಿ ‘ಸೇಂಟ್ ಲೂಯಿಸ್ ಸ್ಟೈಲ್ ಸ್ಪೇರ್ ರಿಬ್ಸ್’ ಅಂತ ಇದೆ. ಪೊರೆ ಅಂದರೆ ಯಾವುದು ಅಂತಲೇ ಗೊತ್ತಾಗಲಿಲ್ಲ. ಕಸದ ಬುಟ್ಟಿಯಿಂದ ಕವರ್ ಎತ್ತಿ ನೋಡಿದೆ, 12% ಸಲ್ಯೂಶನ್ ಸೇರಿಸಿದೆ ಅಂತ ಬರೆದಿದ್ದಾರೆ!

ಇದ್ದಿಲು ಒಲೆ

ಉಪ್ಪಿನ ಗುಟ್ಟು ಅಲ್ಲೇ ಸಿಕ್ಕಿತು ನೋಡಿ. ಅಮೆರಿಕದ ಅಂಗಡಿಗಳಲ್ಲಿ ಸಿಗುವ ಎಷ್ಟೋ ಹಂದಿ ಮಾಂಸಕ್ಕೆ ಕಾರ್ಖಾನೆಯಲ್ಲೇ ಉಪ್ಪುನೀರು ಚುಚ್ಚಿರುತ್ತಾರೆ. ಅದರ ಮೇಲೆ ನೀವು ಉಪ್ಪು ಸವರಿದಿರಿ, ಉಪ್ಪಿರುವ ಸಾಸನ್ನೂ ಸುರಿದಿರಿ. ಇಂಥ ಪ್ಯಾಕೆಟ್ ಆದರೆ ಉಪ್ಪು ಮುಟ್ಟಲೇಬೇಡಿ. ಖಾರ, ಮೆಣಸು, ಬೆಳ್ಳುಳ್ಳಿ ಪುಡಿ, ಸ್ಮೋಕ್ಡ್ ಪ್ಯಾಪ್ರಿಕಾ ಸಾಕು.

ಈಗ ದೊಡ್ಡ ವಿಷಯ. ರಿಬ್ಸ್‌ನಲ್ಲಿ ಎರಡು ಕೆಲಸ ಇವೆ. ಒಂದು ಮೆತ್ತಗಾಗಿಸುವುದು, ಇನ್ನೊಂದು ಬಣ್ಣ ಬರಿಸಿ ಸಾಸ್ ಹಿಡಿಸುವುದು. ಕುಕ್ಕರ್‌ಗೆ ಮೊದಲನೆಯದು ಮಾತ್ರ ಗೊತ್ತು. ನಿಮ್ಮ ಎಲೆಕ್ಟ್ರಿಕ್ ಕುಕ್ಕರ್ ಒಳಗೆ ಸುಮಾರು 115 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಜೊತೆಗೆ ಬರೀ ಹಬೆ. ಮಾಂಸ ಕೆಂಪಗೆ ಸುಟ್ಟ ಹಾಗಾಗಲು ಮೇಲ್ಮೈ ಒಣಗಬೇಕು, 140 ಡಿಗ್ರಿ ದಾಟಬೇಕು. ಆ ಕೆಲಸ ಓವನ್‌ಗೆ ಬಿಡಿ. ಸಾಸ್ ಕೂಡ ಓವನ್ ಹತ್ತಿರವೇ ಇರಲಿ, ಕುಕ್ಕರ್ ಒಳಗೆ ಒಂದು ಚಮಚವೂ ಬೇಡ.

‘ಬರ್ನ್’ ಬರುವುದಕ್ಕೂ ಸಾಸೇ ಕಾರಣ. ಬಾರ್ಬೆಕ್ಯೂ ಸಾಸ್ ಅಂದರೆ ಸಕ್ಕರೆ, ಟೊಮೆಟೊ, ಕಾಕಂಬಿ. ದಪ್ಪ ಇರುವುದರಿಂದ ತಳದಲ್ಲಿ ಕೂತು ಅಲ್ಲಾಡುವುದೇ ಇಲ್ಲ. ಹೂರಣ ಕೈಯಾಡಿಸದೆ ಬಿಟ್ಟರೆ ತಳ ಹಿಡಿಯುತ್ತದಲ್ಲ, ಅದೇ ಕತೆ. ತಳದ ಸೆನ್ಸರ್‌ಗೆ ಬಿಸಿ ಏರಿದ್ದು ಗೊತ್ತಾಗಿ ಹೀಟರ್ ನಿಲ್ಲಿಸುತ್ತದೆ. ಮಾಂಸದಿಂದ ನೀರು ಬಿಡುತ್ತದೆ, ಆದ್ದರಿಂದ ತಳದಲ್ಲಿ ಸೀದಿದ್ದರೂ ಮೇಲೆ ನೀರುನೀರು. ಇನ್ನೊಮ್ಮೆ ಹಾಗೆ ಬಂದರೆ ಸುಮ್ನೆ ಆನ್ ಆಫ್ ಮಾಡಬೇಡಿ. ಪ್ರೆಶರ್ ಇಳಿಸಿ, ಮುಚ್ಚಳ ತೆಗೆದು, ತಳ ಕೆರೆದು, ನೀರು ಹಾಕಿ ಮುಂದುವರಿಸಿ.

ಒಣಕಲು ಹೇಗೆ ಅಂತ ಕೇಳಿದ್ದೀರಿ. ನೀರಲ್ಲೇ ಬೆಂದ ಮಾಂಸವೂ ಒಣಗುತ್ತದೆ. ರಿಬ್ಸ್ ಗಟ್ಟಿ ಇರುವುದು ಅದರೊಳಗಿನ ಕೊಲಾಜೆನ್ ಎಂಬ ಪ್ರೋಟೀನ್‌ನಿಂದ. ಅದು ಕರಗಿ ಜೆಲಟಿನ್ ಆದಾಗ ಮಾಂಸ ಮೆತ್ತಗಾಗುತ್ತದೆ, ತುಟಿಗೆ ಅಂಟಂಟು ಆಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಆಮೇಲೂ ಬೇಯಿಸಿದರೆ ಎಳೆಗಳು ನೀರು ಹಿಂಡಿಕೊಂಡು ಬಿಡಿಬಿಡಿ ದಾರ ಆಗುತ್ತವೆ. 45 ನಿಮಿಷ ಜಾಸ್ತಿ ಆಯಿತು. ಸೇಂಟ್ ಲೂಯಿಸ್ ಕಟ್‌ಗೆ 28ರಿಂದ 30 ನಿಮಿಷ, ಬೇಬಿ ಬ್ಯಾಕ್‌ಗೆ 22ರಿಂದ 25 ಸಾಕು.

ಆಮೇಲೆ ಆ ವಾಲ್ವ್. ತಕ್ಷಣ ತೆಗೆದರೆ ಒಳಗಿನ ಒತ್ತಡ ದಢಾರ್ ಅಂತ ಇಳಿಯುತ್ತದೆ. ಮಾಂಸದೊಳಗಿನ ನೀರು ಆ ಹೊತ್ತಿಗೆ 100 ಡಿಗ್ರಿ ದಾಟಿರುತ್ತದಲ್ಲ, ಅದು ಒಮ್ಮೆಲೇ ಕುದಿದು ರಸವನ್ನೆಲ್ಲ ಹೊರಗೆ ತಳ್ಳುತ್ತದೆ. 15 ನಿಮಿಷ ಹಾಗೇ ಬಿಡಿ, ತಾನಾಗಿ ಇಳಿಯಲಿ. ನನ್ನ ಪ್ರಕಾರ ಅಳತೆ, ಮಸಾಲೆಗಿಂತ ಇದೇ ಮುಖ್ಯ.

ಪೊರೆ ಅಂದರೆ ಮೂಳೆ ಕಡೆ ಹೊಳೆಯುವ ತೆಳು ಚರ್ಮದಂಥದ್ದು. ಎಷ್ಟು ಬೇಯಿಸಿದರೂ ಪ್ಲಾಸ್ಟಿಕ್ ಕವರ್ ಜಗಿದ ಅನುಭವ. ಮಸಾಲೆಯೂ ಒಳಗೆ ಹೋಗಲ್ಲ. ತುದಿಯಿಂದ ಎರಡನೇ ಮೂಳೆ ಮೇಲೆ ಚಮಚದ ಹಿಡಿ ತೂರಿಸಿ ಸ್ವಲ್ಪ ಎಬ್ಬಿಸಿ. ಜಾರುತ್ತದೆ, ಆದ್ದರಿಂದ ಟಿಶ್ಯೂ ಪೇಪರ್‌ನಲ್ಲಿ ಹಿಡಿದು ಎಳೆಯಿರಿ. ಹೆಚ್ಚಿನ ಸಲ ಪೂರ್ತಿ ಒಂದೇ ಹಾಳೆಯಾಗಿ ಕಿತ್ತು ಬರುತ್ತದೆ. ಕೆಲವು ಪ್ಯಾಕೆಟ್‌ನಲ್ಲಿ ಮೊದಲೇ ತೆಗೆದಿರುತ್ತಾರೆ. ಏನೂ ಸಿಗದಿದ್ದರೆ ಗಾಬರಿ ಬೇಡ.

ಕೊನೆಗೆ ಜೋಡಿಸುವುದು. ತಳದಲ್ಲಿ ಒಂದು ಕಪ್ ನೀರು, ಎರಡು ಚಮಚ ಆಪಲ್ ಸೈಡರ್ ವಿನೆಗರ್. ಮೇಲೆ ಜಾಲರಿ. ರಿಬ್ಸನ್ನು ಮೂಳೆ ಒಳಮುಖವಾಗಿ ಸುತ್ತಿ, ಪಾತ್ರೆಯ ಅಂಚಿಗೆ ನಿಲ್ಲಿಸಿ. ನೀರಿನಲ್ಲಿ ಮುಳುಗಬಾರದು, ಮುಳುಗಿದರೆ ರುಚಿ ಎಲ್ಲ ನೀರಿಗೆ. ಬೆಂದ ಮೇಲೆ ಫಾಯಿಲ್ ಹಾಸಿದ ತಟ್ಟೆಗಿಟ್ಟು, ಒದ್ದೆ ಒರೆಸಿ, ಸಾಸ್ ತೆಳ್ಳಗೆ ಬಳಿದು ಓವನ್‌ನ ಬ್ರಾಯ್ಲರ್ (ಮೇಲಿನಿಂದ ಕಾಯುವ ಹೀಟರ್) ಕೆಳಗೆ 4-5 ನಿಮಿಷ. ಮತ್ತೆ ಬಳಿದು ಮತ್ತೆ ಇಡಿ. ಒಂದೇ ಸಲ ದಪ್ಪಗೆ ಬಳಿದರೆ ಮೇಲೆ ಸೀಯುತ್ತದೆ, ಕೆಳಗೆ ಹಸಿ. ಆ ಹೊತ್ತಲ್ಲಿ ಫೋನ್ ಹಿಡಿದು ಕೂರಬೇಡಿ, ಸಕ್ಕರೆ ಕಪ್ಪಾಗಲು ಅರ್ಧ ನಿಮಿಷ ಸಾಕು.

ಹೊಗೆ ಪಾರ್ಟಿ

ಬೇಜಾರು ಮಾಡ್ಕೋಬೇಡಿ, ಕುಕ್ಕರ್‌ನಲ್ಲಿ ಬೇಯಿಸಿದ್ದನ್ನು ಬಾರ್ಬೆಕ್ಯೂ ಅನ್ನಬಾರದು. ಹಿಕರಿ ಕಟ್ಟಿಗೆ ಹೊಗೆಯಲ್ಲಿ ಐದಾರು ಗಂಟೆ ಇಟ್ಟರೆ ಮಾತ್ರ ಬಾರ್ಬೆಕ್ಯೂ. ಹೊಗೆಯಲ್ಲಿ ಬೆಂದ ಮಾಂಸದ ಹೊರಭಾಗಕ್ಕೆ ಬರುವ ಆ ಗುಲಾಬಿ ಅಂಚು ಕುಕ್ಕರ್‌ನಲ್ಲಿ ಎಲ್ಲಿಂದ ಬರಬೇಕು?

ಇದ್ದಿಲು ಒಲೆ

ಒಪ್ಪಿದೆ, ಬರಲ್ಲ. ಆ ಗುಲಾಬಿ ಅಂಚು ಹೊಗೆಯ ನೈಟ್ರಿಕ್ ಆಕ್ಸೈಡ್ ಮಾಂಸಕ್ಕೆ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್ ಜೊತೆ ಸೇರಿ ಆಗುವಂಥದ್ದು. ಆದರೆ ಅದು ಬರೀ ಬಣ್ಣ, ಅದಕ್ಕೆ ರುಚಿ ಇಲ್ಲ. ಪಾಪ, ಅವರಿಗೆ ಬಾಲ್ಕನಿಯಲ್ಲಿ ಕಿಡಿ ಹಾರಿಸುವ ಹಾಗಿಲ್ಲ. ಹೊಗೆ ವಾಸನೆ ಬೇಕಿದ್ದರೆ ಲಿಕ್ವಿಡ್ ಸ್ಮೋಕ್ ಇದೆ. ಅದು ಕೃತಕ ಸೆಂಟ್ ಅಂದುಕೊಂಡವರು ಬಹಳ. ನಿಜವಾದ ಕಟ್ಟಿಗೆ ಹೊಗೆಯನ್ನೇ ತಣಿಸಿ ಹಿಡಿದದ್ದು. 1895ರಲ್ಲಿ ನಿಮ್ಮ ಮಿಸೌರಿಯದೇ ಕಾನ್ಸಾಸ್ ಸಿಟಿಯಲ್ಲಿ ಅರ್ನೆಸ್ಟ್ ರೈಟ್ ಎಂಬ ಔಷಧಿ ಅಂಗಡಿಯವರು ಅದನ್ನು ಬಾಟಲಿಗೆ ತುಂಬಿಸಿ ಮಾರಲು ಶುರುಮಾಡಿದರು. ತಳದ ನೀರಿಗೆ ಕಾಲು ಚಮಚ ಸಾಕು. ಜಾಸ್ತಿಯಾದರೆ ಸುಟ್ಟ ಟೈರ್.

ಮೂರು ವಿಷಲ್

ನಡುವೆ ಬಾಯಿ ಹಾಕುತ್ತಿದ್ದೇನೆ. ನಾನು ಬೆಂಗಳೂರಲ್ಲಿ, ನಮ್ಮದು ಮಾಮೂಲಿ ಗ್ಯಾಸ್ ಕುಕ್ಕರ್, 5 ಲೀಟರ್. ಎಷ್ಟು ಸಲ ಕೂಗಿಸಬೇಕು? ಬ್ರಾಯ್ಲರ್ ಇಲ್ಲ, ಓಟಿಜಿ (ಚಿಕ್ಕ ಎಲೆಕ್ಟ್ರಿಕ್ ಓವನ್) ಇದೆ.

ಇದ್ದಿಲು ಒಲೆ

ಕೂಗು ಲೆಕ್ಕ ಬಿಡಿ, ಗಡಿಯಾರ ನೋಡಿ. ಒಬ್ಬರ ಒಲೆಯಲ್ಲಿ ಎರಡು ನಿಮಿಷಕ್ಕೆ ಒಂದು ಕೂಗು, ಇನ್ನೊಬ್ಬರ ಒಲೆಯಲ್ಲಿ ಐದು ನಿಮಿಷಕ್ಕೆ ಒಂದು. ನಮ್ಮ ಭಾರದ ವಾಲ್ವ್ ಕುಕ್ಕರ್‌ಗಳು ಎಲೆಕ್ಟ್ರಿಕ್‌ಗಿಂತ ಜಾಸ್ತಿ ಒತ್ತಡದವು, 15 ಪಿಎಸ್‌ಐ (ಒತ್ತಡದ ಅಳತೆ), ಒಳಗೆ 120 ಡಿಗ್ರಿ ಹತ್ತಿರ. ಮೊದಲ ಕೂಗು ಬಂದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ, ಸ್ಪೇರ್ ರಿಬ್ಸ್‌ಗೆ 20 ನಿಮಿಷ. ನಡುವೆ ಪದೇ ಪದೇ ಕೂಗಿದರೆ ಉರಿ ಜಾಸ್ತಿ ಇದೆ ಅಂತ ಅರ್ಥ, ನೀರೂ ಖಾಲಿಯಾಗುತ್ತದೆ. ಭಾರವನ್ನು ಚಮಚದಿಂದ ಎತ್ತಿ ಹಬೆ ಬಿಡುವ ಅಭ್ಯಾಸ ಇದ್ದರೆ ಇಲ್ಲಿ ಬೇಡ, ಕೊಬ್ಬಿನ ನೊರೆ ಗೋಡೆಗೆಲ್ಲ ಹಾರುತ್ತದೆ.

ರಿಬ್ಸ್‌ನ ಪೂರ್ತಿ ಪಟ್ಟಿ 5 ಲೀಟರ್ ಕುಕ್ಕರ್‌ಗೆ ಹಿಡಿಸಲ್ಲ. ಮೂರು ಮೂರು ಮೂಳೆಯ ತುಂಡು ಮಾಡಿ. ಅಂಗಡಿಯಲ್ಲಿ ಮೊದಲೇ ಹೇಳಬೇಕು, ಇಲ್ಲದಿದ್ದರೆ ಕರಿಗೆ ಬೇಕೇನೋ ಅಂತ ಕಚಕಚ ಕೊಚ್ಚಿ ಕೊಡುತ್ತಾರೆ. ಓಟಿಜಿಯನ್ನು ಮೇಲಿನ ಕಾಯಿಲ್ ಮಾತ್ರ ಹಾಕಿ 230 ಡಿಗ್ರಿಗೆ ಕಾಯಿಸಿ. ಒಂದೊಂದು ಬಳಿತಕ್ಕೆ 6-8 ನಿಮಿಷ ಬೇಕಾಗಬಹುದು.

ವಿರಾಜಪೇಟೆ ಕಡೆಯವಳು

ಸಾಸ್ ಮನೆಯಲ್ಲೇ ಮಾಡುವುದಾದರೆ ವಿನೆಗರ್ ಬದಲು ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ) ಹಾಕಿ ನೋಡಿ. ನಾವು ಪಂದಿಕರಿಗೆ (ಹಂದಿ ಮಾಂಸದ ಸಾರು) ಹಾಕುವುದು ಅದನ್ನೇ. ಹಂದಿ ಕೊಬ್ಬಿಗೆ ಅದರ ಹುಳಿ ಹೊಂದುವ ಹಾಗೆ ಬೇರೆ ಯಾವುದೂ ಹೊಂದಲ್ಲ. ಕೆಚಪ್, ಬೆಲ್ಲ, ಸಾಸಿವೆ ಪೇಸ್ಟ್, ಬೆಳ್ಳುಳ್ಳಿ, ಹುರಿದು ಪುಡಿ ಮಾಡಿದ ಕರಿಮೆಣಸು. ಒಂದು ಕಪ್ ಸಾಸ್‌ಗೆ ಕಾಚಂಪುಳಿ ಒಂದು ಟೀ ಚಮಚದಿಂದ ಶುರುಮಾಡಿ. ತುಂಬಾ ಹುಳಿ, ತುಂಬಾ ಕಪ್ಪು. ಸಾಸ್ ಬಣ್ಣವೂ ಚಂದ ಬರುತ್ತದೆ.

ಇನ್ನೊಂದು ಮಾತು. ಮೂಳೆ ಬಿಟ್ಟು ಉದುರುವುದು ಯಾಕೆ ತಪ್ಪು? ನಮ್ಮ ಮನೆಯಲ್ಲಿ ಹಾಗಿದ್ದರೇ ಎಲ್ಲರಿಗೂ ಇಷ್ಟ.

ಇದ್ದಿಲು ಒಲೆ

ಕಾಚಂಪುಳಿ ಐಡಿಯಾ ನಾನು ಕದಿಯುತ್ತಿದ್ದೇನೆ.

ಮನೆಯಲ್ಲಿ ಇಷ್ಟ ಅಂದರೆ ತಪ್ಪೇನಿಲ್ಲ. ಸ್ಪರ್ಧೆಗಳಲ್ಲಿ ಮಾತ್ರ ಕತೆ ಬೇರೆ. ಕಾನ್ಸಾಸ್ ಸಿಟಿ ಬಾರ್ಬೆಕ್ಯೂ ಸೊಸೈಟಿಯ ತೀರ್ಪುಗಾರರು ಉದುರುವ ರಿಬ್ಸನ್ನು ಜಾಸ್ತಿ ಬೆಂದದ್ದು ಅಂತಲೇ ಎಣಿಸುತ್ತಾರೆ. ಕಚ್ಚಿದ ಜಾಗದ ಮಾಂಸ ಮಾತ್ರ ಬಿಡಬೇಕು, ಪಕ್ಕದ್ದು ಮೂಳೆಗೇ ಅಂಟಿರಬೇಕು. ಅಡುಗೆಮನೆಯಲ್ಲಿ ಪರೀಕ್ಷೆ ಸುಲಭ. ನಡುವಿನ ಒಂದು ಮೂಳೆಯ ತುದಿ ಹಿಡಿದು ಮೆಲ್ಲಗೆ ತಿರುಗಿಸಿ. ಅಲ್ಲಾಡದಿದ್ದರೆ ಇನ್ನೂ ಐದು ನಿಮಿಷ ಪ್ರೆಶರ್. ಸ್ವಲ್ಪ ಬಿಗಿಯಾಗಿ ತಿರುಗಿದರೆ ಹದ. ಕೈಗೇ ಕಳಚಿ ಬಂದರೆ ದಾಟಿಹೋಯಿತು, ಮಾಂಸ ಬಿಡಿಸಿ ಸಾಸ್ ಕಲಸಿ ಬನ್ ಒಳಗೆ ಹಾಕಿ ತಿನ್ನಿ.

ಮಿಸೌರಿ ಮಂಡ್ಯ

ಹೇಳಿದ ಹಾಗೇ ಮಾಡಿದೆ. ಜಾಲರಿ, 28 ನಿಮಿಷ, 15 ನಿಮಿಷ ಸುಮ್ನೆ ಬಿಟ್ಟದ್ದು. ‘ಬರ್ನ್’ ಬರಲೇ ಇಲ್ಲ. ಪೊರೆ ಕಿತ್ತು ಬಂದಾಗ ಏನೋ ಗೆದ್ದ ಖುಷಿ. ಉಪ್ಪು ಸರಿಯಾಗಿತ್ತು, ಮಾಂಸದಲ್ಲಿ ರಸವೂ ಇತ್ತು. ಒಂದೇ ತೊಂದರೆ. ಕುಕ್ಕರ್‌ನಿಂದ ತಟ್ಟೆಗೆ ಎತ್ತುವಾಗ ನಡುವೆ ಮುರಿದು ಎರಡು ಹೋಳಾಯಿತು. ಇನ್ನೂ ಕಡಿಮೆ ಬೇಯಿಸಲಾ?

ಇದ್ದಿಲು ಒಲೆ

ಬೇಡ, ಸಮಯ ಬದಲಿಸಬೇಡಿ. ಬಿಸಿ ಇರುವಾಗ ಜೆಲಟಿನ್ ಇನ್ನೂ ನೀರಾಗಿರುತ್ತದೆ, ಹಿಡಿತ ಇರಲ್ಲ. ಮುಚ್ಚಳ ತೆಗೆದು ಹತ್ತು ನಿಮಿಷ ಹಾಗೇ ಬಿಡಿ. ಆಮೇಲೆ ಇಕ್ಕಳದಿಂದ ಒಂದು ತುದಿ ಹಿಡಿದು ಎಳೆಯುವ ಬದಲು ಜಾಲರಿ ಸಮೇತ ಎತ್ತಿ. ನೆಂಟರು ಬರುವವರಿದ್ದರೆ ಹಿಂದಿನ ದಿನವೇ ಬೇಯಿಸಿ, ಫಾಯಿಲ್ ಸುತ್ತಿ ಫ್ರಿಜ್‌ನಲ್ಲಿಡಿ. ತಣ್ಣಗಾದ ಪಟ್ಟಿ ಹಲಗೆಯ ಹಾಗೆ ಗಟ್ಟಿ ಇರುತ್ತದೆ, ಚಾಕುವಿನಲ್ಲಿ ನೀಟಾಗಿ ಕತ್ತರಿಸಬಹುದು. ಮರುದಿನ ಫಾಯಿಲ್ ಸಮೇತ 150 ಡಿಗ್ರಿ ಓವನ್‌ನಲ್ಲಿ ಅರ್ಧ ಗಂಟೆ ಬಿಸಿ ಮಾಡಿ, ಆಮೇಲೆ ಸಾಸ್, ಬ್ರಾಯ್ಲರ್.

ಮೂರು ವಿಷಲ್

ತಳದಲ್ಲಿ ಉಳಿದ ನೀರು ಚೆಲ್ಲುವುದಾ?

ವಿರಾಜಪೇಟೆ ಕಡೆಯವಳು

ಅಯ್ಯೋ, ಚೆಲ್ಲಬೇಡಿ! ಫ್ರಿಜ್‌ನಲ್ಲಿಟ್ಟರೆ ಕೊಬ್ಬು ಮೇಲೆ ಬಿಳಿಯಾಗಿ ಕಟ್ಟುತ್ತದೆ, ಅದನ್ನು ಎತ್ತಿ ತೆಗೆಯಿರಿ. ಕೆಳಗಿನದನ್ನು ಕುದಿಸಿ ಅರ್ಧಕ್ಕೆ ಇಳಿಸಿ, ಅದರಲ್ಲಿ ಎರಡು ಚಮಚ ತೆಗೆದು ಸಾಸ್‌ಗೆ ಬೆರೆಸಿ. ಉಪ್ಪು ಮಾತ್ರ ನೋಡಿಕೊಂಡು.