ಪದಚರ್ಚೆ: ‘ಕಾಯಿಲ್ಡ್ ಕಾಯಿಲ್’ – ಸುರುಳಿಯೋ, ಹುರಿಯೋ?

ಪ್ರಶ್ನೆ (ವಿರಾಜಪೇಟೆ)

ನಮಸ್ಕಾರ. ಪದವಿ ತರಗತಿಯ ಜೀವರಸಾಯನ ವಿದ್ಯಾರ್ಥಿಗಳಿಗಾಗಿ ಕೃತಕ ಕಾಯಿಲ್ಡ್ ಕಾಯಿಲ್ (ಎರಡೋ ಹೆಚ್ಚೋ ಹೆಲಿಕ್ಸ್‌ಗಳು ಹಗ್ಗದಂತೆ ಒಂದನ್ನೊಂದು ಸುತ್ತಿಕೊಂಡ) ಪ್ರೋಟೀನುಗಳ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಸಿದ್ಧವಾಗುತ್ತಿದೆ. ಹೆಲಿಕ್ಸ್‌ಗೆ ‘ಸುರುಳಿ’ ಎಂದಾಗಿದೆ. ಕಾಯಿಲ್‌ಗೂ ಅದನ್ನೇ ಹಾಕಿದರೆ ‘ಸುರುಳಿಗೊಂಡ ಸುರುಳಿ’ ಆಗುತ್ತದೆ. ಗೊತ್ತಾದ ಆಕಾರವೇ ಇಲ್ಲದ ರಾಂಡಮ್ ಕಾಯಿಲ್‌ಗೂ ಅದೇ ಪದ ಬಂದು ಕೂರುತ್ತದೆ. ಮೂರು ಸುರುಳಿ ಸೇರಿದ್ದಕ್ಕೆ ‘ತ್ರಿಸುರುಳಿ’ ಎನ್ನಬಹುದೇ? ಇನ್ನೊಂದು: ಬಲಗೈ, ಎಡಗೈ ತಿರುವುಗಳಿಗೆ ‘ಬಲಮುರಿ, ಎಡಮುರಿ’ ಆಗುತ್ತದೆಯೇ? ನಮ್ಮ ಜಿಲ್ಲೆಯ ಮಕ್ಕಳಿಗೆ ಬಲಮುರಿ ಹೊಸ ಪದವೇನಲ್ಲ.

ಉತ್ತರ (ಮಡಿಕೇರಿ)

ಮೇಡಂ, ಕಾಯಿಲ್ಡ್ ಕಾಯಿಲ್‌ಗೆ ‘ಹುರಿ’ ಎನ್ನಿ. ಹಗ್ಗ ಹೊಸೆಯುವಾಗ ಒಂದೊಂದು ಎಳೆಯನ್ನು ಒಂದು ದಿಕ್ಕಿಗೆ ತಿರುಚಿ, ಎಳೆಗಳನ್ನು ಕೂಡಿಸುವಾಗ ಎದುರು ದಿಕ್ಕಿಗೆ ಹುರಿ ಹಾಕುತ್ತಾರಲ್ಲ, ಇಲ್ಲಿಯೂ ಅದೇ ಲೆಕ್ಕ. ಬಿಡಿ ಆಲ್ಫಾ ಸುರುಳಿ (ಪ್ರೋಟೀನ್ ಸರಪಳಿಯ ಸಾಮಾನ್ಯ ಹೆಲಿಕ್ಸ್) ಬಲಗೈಯದು, ಅವು ಒಂದನ್ನೊಂದು ಸುತ್ತುವುದು ಎಡಗೈಯಾಗಿ. ಸುರುಳಿಯ ಒಂದು ಸುತ್ತಿಗೆ 3.6 ಅಮೈನೋ ಆಮ್ಲ, ಅಂದರೆ ಒಂದೊಂದಕ್ಕೆ 100 ಡಿಗ್ರಿ. ಹುರಿಯಲ್ಲಿ ಅಮೈನೋ ಆಮ್ಲಗಳ ಮಾದರಿ ಏಳೇಳಕ್ಕೆ ಮರುಕಳಿಸುತ್ತದೆ. ಏಳಕ್ಕೆ 700 ಆಯಿತು, ಎರಡು ಪೂರ್ತಿ ಸುತ್ತಿಗೆ 720 ಬೇಕು. ಪ್ರತಿ ಏಳಕ್ಕೆ 20 ಡಿಗ್ರಿ ಹಿಂದೆ ಬೀಳುವುದರಿಂದ, ನೀರಿಗೆ ಒಲ್ಲದ ಅಮೈನೋ ಆಮ್ಲಗಳ ಪಟ್ಟಿ ಸುರುಳಿಯ ಮೈಮೇಲೆ ನೇರ ಸಾಗದೆ ಎಡಗೈ ತಿರುವಿನಲ್ಲಿ ಓರೆಯಾಗಿ ಸಾಗುತ್ತದೆ. ಎರಡು ಪಟ್ಟಿಗಳು ಉದ್ದಕ್ಕೂ ತಾಗಿಕೊಂಡಿರಬೇಕಾದರೆ ಸುರುಳಿಗಳೇ ಬಾಗಿ ಸುತ್ತಿಕೊಳ್ಳಬೇಕು. ಒಂದರ ಉಬ್ಬು (ಅಮೈನೋ ಆಮ್ಲದ ಪಕ್ಕದ ಸರಪಳಿ) ಎದುರಿನ ಸುರುಳಿಯ ನಾಲ್ಕು ಉಬ್ಬುಗಳ ನಡುವಿನ ಕುಳಿಯಲ್ಲಿ ಕೂರುತ್ತದೆ ಎಂದು ಫ್ರಾನ್ಸಿಸ್ ಕ್ರಿಕ್ 1953ರಲ್ಲಿ ತೋರಿಸಿದ್ದು. ಅದಕ್ಕೆ ‘ಉಬ್ಬು-ಕುಳಿ ಜೋಡಣೆ’ ಸಾಕು. ‘ಗುಂಡಿ’ ಬೇಡ, ಅದು ಅಂಗಿಯ ಗುಂಡಿಯೂ ಹೌದು, ಹೊಂಡವೂ ಹೌದು.

‘ತ್ರಿಸುರುಳಿ’ಯನ್ನು ಚರ್ಮ, ಮೂಳೆಗಳ ಪ್ರೋಟೀನಾದ ಕೊಲಾಜೆನ್‌ಗೆ ಬಿಟ್ಟುಬಿಡಿ. 1954ರಲ್ಲಿ ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತ ಮಂಡಿಸಿದ ಆ ರಚನೆಯಲ್ಲಿ ಆಲ್ಫಾ ಸುರುಳಿಯೇ ಇಲ್ಲ. ಪ್ರತಿ ಮೂರನೆಯ ಅಮೈನೋ ಆಮ್ಲ ಗ್ಲೈಸೀನ್, ತಿರುವೂ ತಿರುಗುಮುರುಗು: ಬಿಡಿ ಸರಪಳಿ ಎಡಗೈಯದು, ಒಟ್ಟು ಸುತ್ತು ಬಲಗೈಯದು. ನಿಮ್ಮ ಟಿಪ್ಪಣಿಯಲ್ಲಿ ‘ಎರಡೆಳೆ ಹುರಿ, ಮೂರೆಳೆ ಹುರಿ, ನಾಲ್ಕೆಳೆ ಹುರಿ’ ಎಂದಿರಲಿ.

ಬಲಮುರಿ ಮಾತ್ರ ಖಂಡಿತ ಬೇಡ. ಮೂರ್ನಾಡಿನ ಕಡೆಯ ಬಲಮುರಿಯದು ಹೊಳೆಯ ತಿರುವಿನ ಹೆಸರು, ಅಲ್ಲಿ ಸುರುಳಿಯ ಮಾತಿಲ್ಲ. ಶಂಖದ ವಿಷಯ ಇನ್ನೂ ಗೋಜಲು: ಪೂಜೆಯ ಅಪರೂಪದ ಬಲಮುರಿ ಶಂಖವನ್ನು ಪ್ರಾಣಿಶಾಸ್ತ್ರದವರು ಎಡಗೈ ಸುರುಳಿ ಎಂದೇ ಎಣಿಸುತ್ತಾರೆ. ಮನೆಯಲ್ಲಿ ಶಂಖ ಇರುವ ಹುಡುಗ ಅದನ್ನು ತಂದು ಮೇಜಿನ ಮೇಲಿಟ್ಟರೆ ಪಾಠ ಅಲ್ಲಿಗೆ ನಿಂತಿತು. ‘ಬಲಗೈ ಸುರುಳಿ, ಎಡಗೈ ಹುರಿ’ ಎನ್ನಿ. ಹೆಬ್ಬೆರಳನ್ನು ಅಕ್ಷದ ಉದ್ದಕ್ಕೆ ಹಿಡಿದು ಮಡಿಸಿದ ಬೆರಳುಗಳ ದಿಕ್ಕು ನೋಡಿದರೆ ಸಂಶಯ ಉಳಿಯುವುದಿಲ್ಲ.

ಮರುಕಳಿಸುವ ಆ ಏಳರ ಗುಂಪಾದ ಹೆಪ್ಟ್ಯಾಡ್‌ಗೆ ‘ಸಪ್ತಕ’ ಚೆನ್ನಾಗಿ ಹೊಂದುತ್ತದೆ. ಸ್ಥಾನಗಳು ಮಾತ್ರ ಎ, ಬಿ, ಸಿ, ಡಿ, ಇ, ಎಫ್, ಜಿ ಎಂದೇ ಇರಲಿ. ಸಪ್ತಕ ಎಂದೊಡನೆ ಸರಿಗಮ ಹಾಡಲು ಬಾಯಿ ತುರಿಸುವುದು ನಿಜ, ಮುಂದೆ ಸಂಶೋಧನಾ ಲೇಖನ ಓದುವಾಗ ಪೇಚಾಡುವವರು ಮಕ್ಕಳು. ಎ ಮತ್ತು ಡಿ ಒಳಗಿನ ತಿರುಳು. ಇ ಮತ್ತು ಜಿ ಅದರ ಅಂಚು. ಅಲ್ಲಿ ವಿದ್ಯುದಂಶವುಳ್ಳ ಗ್ಲುಟಮೇಟ್ (ಋಣ), ಲೈಸೀನ್ (ಧನ). ಬಿ, ಸಿ, ಎಫ್ ನೀರಿನ ಕಡೆಗೆ.

ಎಳೆಗಳ ಸಂಖ್ಯೆಯನ್ನು ಬಹುಮಟ್ಟಿಗೆ ತಿರುಳೇ ನಿರ್ಧರಿಸುತ್ತದೆ. ಯೀಸ್ಟಿನ ಜಿಸಿಎನ್4 ಪ್ರೋಟೀನಿನ ಹುರಿಯನ್ನು ತಿದ್ದಿ 1993ರಲ್ಲಿ ಕಂಡುಕೊಂಡದ್ದು ಹೀಗೆ: ಎಯಲ್ಲಿ ಐಸೋಲ್ಯೂಸೀನ್, ಡಿಯಲ್ಲಿ ಲ್ಯೂಸೀನ್ ಇಟ್ಟರೆ ಎರಡೆಳೆ, ಎರಡರಲ್ಲೂ ಐಸೋಲ್ಯೂಸೀನ್ ಇಟ್ಟರೆ ಮೂರೆಳೆ, ಮೊದಲಿನದನ್ನು ಅದಲುಬದಲು ಮಾಡಿದರೆ ನಾಲ್ಕೆಳೆ. ಐಸೋಲ್ಯೂಸೀನಿನ ಕವಲು ಬುಡದಲ್ಲೇ ಒಡೆಯುತ್ತದೆ. ಎರಡೆಳೆ ಹುರಿಯ ಡಿ ಸ್ಥಾನದಲ್ಲಿ ಅದಕ್ಕೆ ಹದವಾದ ಜಾಗವಿಲ್ಲ. ಎರಡೆಳೆಯೇ ಬೇಕೆಂದರೆ ನಡುವಿನ ಒಂದು ಎಯಲ್ಲಿ ಆಸ್ಪರಜೀನ್ ಇಡುತ್ತಾರೆ. ಹುರಿ ತುಸು ಸಡಿಲವಾಗುತ್ತದೆ, ಆದರೆ ಎದುರಿನ ಆಸ್ಪರಜೀನ್ ಜತೆ ಹೈಡ್ರೋಜನ್ ಬಂಧ ಬಿದ್ದು ಎಳೆಗಳ ಸಂಖ್ಯೆ, ದಿಕ್ಕು ಎರಡೂ ನಿಲ್ಲುತ್ತವೆ. ಅದನ್ನು ತೆಗೆದು ವ್ಯಾಲೀನ್ ಹಾಕಿದರೆ ಎರಡೆಳೆ, ಮೂರೆಳೆ ಬೆರಕೆಯಾಗಿ ಬರುತ್ತವೆ.

ಕೃತಕ ಹುರಿಯ ಒಂದು ಎಳೆಗೆ ಸಾಮಾನ್ಯ ಅಳತೆ ನಾಲ್ಕು ಸಪ್ತಕ, ಅಂದರೆ 28 ಅಮೈನೋ ಆಮ್ಲ, ಸುಮಾರು 4.2 ನ್ಯಾನೋಮೀಟರ್ ಉದ್ದ. ಆರಂಭದ ತುದಿಗೆ ಅಸಿಟೈಲ್, ಕೊನೆಗೆ ಅಮೈಡ್ ಮುಚ್ಚಳ. ಯಾವುದಾದರೊಂದು ಎಫ್‌ನಲ್ಲಿ ಟ್ರಿಪ್ಟೋಫ್ಯಾನ್ ಅಥವಾ ಟೈರೋಸೀನ್ ಇಡದಿದ್ದರೆ 280 ನ್ಯಾನೋಮೀಟರಿನಲ್ಲಿ ಸಾಂದ್ರತೆ ಅಳೆಯಲಾಗದು. ಸಿಡಿ (ಸರ್ಕ್ಯುಲರ್ ಡೈಕ್ರೋಯಿಸಂ) ರೋಹಿತದಲ್ಲಿ 208 ಮತ್ತು 222 ನ್ಯಾನೋಮೀಟರಿನಲ್ಲಿ ತಗ್ಗು ಕಂಡರೆ ಆಲ್ಫಾ ಸುರುಳಿ ಇದೆ ಎಂದಷ್ಟೇ ಅರ್ಥ. ಎಳೆ ಎಷ್ಟೆಂದು ಅದು ಹೇಳದು, ಅದಕ್ಕೆ ಅತಿವೇಗದಲ್ಲಿ ತಿರುಗಿಸಿ ಅಣುವಿನ ತೂಕ ಅಳೆಯುವ ಅಲ್ಟ್ರಾಸೆಂಟ್ರಿಫ್ಯೂಜ್ ಬೇಕು. ಬಫರಿನಲ್ಲಿ ಕ್ಲೋರೈಡ್ ಹೆಚ್ಚಿದ್ದರೆ 200ರ ಕೆಳಗೆ ಬರೀ ಗದ್ದಲ. ದ್ರಾವಣವನ್ನು ತೆಳು ಮಾಡಿದಾಗ ಕರಗುವ (ಹುರಿ ಬಿಚ್ಚಿಕೊಳ್ಳುವ) ಉಷ್ಣತೆ ಇಳಿದರೆ ಒಳ್ಳೆಯ ಲಕ್ಷಣ, ಎಳೆಗಳು ಕೂಡಿಕೊಂಡೇ ನಿಂತಿವೆ ಎಂದಾಯಿತು.

ಸೇರಿಕೆ (ಕುಶಾಲನಗರ)

ಸರ್ ಹೇಳಿದ ‘ಎಳೆ’ಗೆ ಒಂದು ತೊಡಕಿದೆ. ಸರಪಳಿಯ ಚಾಚಿದ ತುಂಡಾದ ಬೀಟಾ ಸ್ಟ್ರ್ಯಾಂಡ್‌ಗೂ ಎಳೆ ಎಂದು ಬರೆಯುವವರಿದ್ದಾರೆ. ಈ ಟಿಪ್ಪಣಿಯಲ್ಲಿ ಅದನ್ನು ‘ಬೀಟಾ ಪಟ್ಟಿ’ ಮಾಡಿದರೆ ಎಳೆ ಹುರಿಗೆ ಉಳಿಯುತ್ತದೆ, ಆದರೆ ಆಗ ಪಟ್ಟಿ ಎರಡು ಅರ್ಥದಲ್ಲಿ ಬರುತ್ತದೆ. ಮೇಲಿನ ‘ನೀರಿಗೆ ಒಲ್ಲದ ಪಟ್ಟಿ’ಯನ್ನು ‘ಅಂಚು’ ಎನ್ನಲಾಗದು, ಅದು ಇ, ಜಿಗೆ ಹೋಗಿದೆ; ‘ಗೆರೆ’ ಎನ್ನಬಹುದು. ಬೇರೆಬೇರೆ ಎರಡು ಎಳೆಗಳು ಕೂಡಿದ ಹೆಟೆರೋಡೈಮರ್‌ಗೆ ‘ಬೆರಕೆ ಜೋಡಿ’ ಬೇಡ, ‘ಭಿನ್ನಜೋಡಿ’ ಇರಲಿ: ಒಂದು ಎಳೆಯ ಇ, ಜಿ ತುಂಬ ಗ್ಲುಟಮೇಟ್, ಇನ್ನೊಂದರಲ್ಲಿ ಲೈಸೀನ್. ಒಂಟಿಯಾಗಿದ್ದಾಗ ತಮ್ಮತಮ್ಮಲ್ಲೇ ಸೇರಲು ವಿಕರ್ಷಣೆ ಬಿಡುವುದಿಲ್ಲ, ಸಮ ಮೋಲ್ ಬೆರೆಸಿದರೆ ಕೂಡುತ್ತವೆ. ಪಿಎಚ್ ಬಹಳ ಇಳಿಸಿದರೆ ಗ್ಲುಟಮೇಟಿನ ವಿದ್ಯುದಂಶ ಹೋಗಿ ಆಮ್ಲದ ಎಳೆಗಳು ತಮ್ಮತಮ್ಮಲ್ಲೇ ಹುರಿಗೊಳ್ಳುತ್ತವೆ. ಅಳತೆ ಪಿಎಚ್ 7ರ ಆಸುಪಾಸಿನಲ್ಲೇ ನಡೆಯಲಿ ಎಂದು ಟಿಪ್ಪಣಿಯಲ್ಲಿ ಬರೆದುಬಿಡಿ.