ಹಳೆ ಕತ್ತಿಯ ತುಕ್ಕಿಗೆ 'ತುಕ್ಕು' ಅನ್ನಬಹುದಾ? ಜಪಾನಿ ಕತ್ತಿಗಳ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ಜಪಾನಿನ ಹಳೆ ಕತ್ತಿಗಳ ವಯಸ್ಸನ್ನು ಹೇಗೆ ಗುರುತಿಸುತ್ತಾರೆ ಅಂತ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಒಕಾಯಾಮಾ ಪ್ರಾಂತ್ಯದ ಒಸಾಫುನೆಯಲ್ಲಿ ಕತ್ತಿಗಳಿಗಾಗಿಯೇ ಒಂದು ಮ್ಯೂಸಿಯಂ ಇದೆ, ಅಲ್ಲಿಗೆ ಹೋಗಿ ಬಂದ ಮೇಲೆ ಹತ್ತಿಕೊಂಡ ಆಸೆ ಇದು. ಅರ್ಧ ಬರೆದು ನಿಂತಿದ್ದೇನೆ. ನಿಂತಿರುವುದು ಒಂದೇ ಒಂದು ಪದಕ್ಕೆ: ತುಕ್ಕು.

ಕತ್ತಿಯ ಹಿಡಿಯೊಳಗೆ ಅಡಗಿರುವ ಕಬ್ಬಿಣದ ಭಾಗಕ್ಕೆ ಜಪಾನಿಯಲ್ಲಿ ನಕಾಗೊ ಅನ್ನುತ್ತಾರೆ. ಹಿಡಿಗೂ ಅದಕ್ಕೂ ಸೇರಿಸಿ ಒಂದು ಬಿದಿರಿನ ಗೂಟ ಹೊಡೆದಿರುತ್ತಾರೆ, ಅದನ್ನು ತೆಗೆದರೆ ಹಿಡಿ ಕಳಚಿ ಬರುತ್ತದೆ. ಅಲಗಿಗೆ ನೂರಾರು ವರ್ಷಗಳಲ್ಲಿ ಎಷ್ಟೋ ಸಲ ಸಾಣೆ ಹಿಡಿದಿರುತ್ತಾರೆ, ಹಾಗಾಗಿ ಅದು ನಿನ್ನೆ ಮೊನ್ನೆ ಮಾಡಿದ ಹಾಗೆ ಫಳಫಳ ಅನ್ನಬಹುದು. ನಕಾಗೊವನ್ನು ಮಾತ್ರ ಯಾರೂ ಉಜ್ಜುವುದಿಲ್ಲ. ಅದರ ಮೇಲೆ ಕೂತ ತುಕ್ಕೇ ವಯಸ್ಸಿಗೆ ದೊಡ್ಡ ಸಾಕ್ಷಿ. ತುಂಬಾ ಹಳೆಯದಾದರೆ ಕಪ್ಪು ಕಪ್ಪಾಗಿ, ನುಣುಪಾಗಿ, ಕಬ್ಬಿಣದೊಳಗೇ ಇಳಿದ ಹಾಗಿರುತ್ತದೆ. ಎರಡನೇ ಮಹಾಯುದ್ಧದ ಹೊತ್ತಿನದ್ದಾದರೆ ಬೂದು ಲೋಹ ಇನ್ನೂ ಕಾಣುತ್ತಿರುತ್ತದೆ, ತುಕ್ಕು ಕೆಂಪಗಿರುತ್ತದೆ, ಅರ ಹಾಕಿದ ಗೀರುಗಳು ಹರಿತವಾಗಿ ಉಳಿದಿರುತ್ತವೆ. ಯಾರಾದರೂ ಅದನ್ನು ಉಜ್ಜಿ ತೆಗೆದುಬಿಟ್ಟರೆ ಆ ಸಾಕ್ಷಿಯೂ ಹೋಯಿತು, ಕತ್ತಿಯ ಬೆಲೆಯೂ ಹೋಯಿತು.

ಇದನ್ನೆಲ್ಲ ಬರೆದು ನಮ್ಮ ಭಾವನಿಗೆ ಓದಲು ಕೊಟ್ಟೆ. ಓದಿ ಮುಗಿಸಿ ಅವರು ಕೇಳಿದ್ದು, 'ಅಷ್ಟೊಂದು ತುಕ್ಕು ಹಿಡಿದಿದೆ ಅಂದ್ರೆ ಮೊದಲು ಸ್ಯಾಂಡ್ ಪೇಪರ್ ಹಾಕಬೇಕಲ್ವಾ?' ಅವರ ತಪ್ಪಲ್ಲ. ಕನ್ನಡದಲ್ಲಿ ತುಕ್ಕು ಅಂದ ಕೂಡಲೇ ಹಿಂದೆಯೇ ಬರುವ ಮಾತು 'ತೆಗಿ', 'ಉಜ್ಜು'. ಆಯುಧಪೂಜೆಯ ಹಿಂದಿನ ದಿನ ಮನೆಯಲ್ಲಿರುವ ಕತ್ತಿ, ಮಚ್ಚು, ಸ್ಪ್ಯಾನರ್ ಎಲ್ಲವನ್ನೂ ಉಜ್ಜಿ ಹೊಳಪು ಬರಿಸಿ ಕುಂಕುಮ ಇಡುವವರು ನಾವು. ನಮಗೆ ತುಕ್ಕು ಅಂದ್ರೆ ಅಸಡ್ಡೆಯ ಗುರುತು. ಹಾಗಾಗಿ ಅದೇ ಪದವನ್ನು ಇಟ್ಟುಕೊಂಡು 'ಇದನ್ನು ಮುಟ್ಟಬೇಡಿ' ಅಂತ ಹತ್ತು ಸಲ ಬರೆದರೂ ಪದವೇ ನನಗೆ ಎದುರು ನಿಲ್ಲುತ್ತದೆ.

ಬೇರೆ ಪದ ಹುಡುಕಿದೆ. ಕಿಲುಬು ಆಗುವುದಿಲ್ಲ, ಅದು ತಾಮ್ರ ಹಿತ್ತಾಳೆಯದ್ದು, ಮೇಲಾಗಿ ಅದಕ್ಕೂ ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ. ಕರೆ ಅಂದರೆ ಕಲೆ ಅನ್ನುವ ಅರ್ಥವೇ ಮುಂದೆ ಬರುತ್ತದೆ. ದೋಸೆ ಕಾವಲಿ ಪಳಗಿದೆ ಅನ್ನುತ್ತೇವಲ್ಲ, ಆ 'ಪಳಗು' ತುಂಬಾ ಹತ್ತಿರ ಬಂತು, ಯಾಕಂದ್ರೆ ಕಾವಲಿಯ ಕಪ್ಪನ್ನೂ ಯಾರೂ ಕೆರೆದು ತೆಗೆಯುವುದಿಲ್ಲ. ಆದರೆ ಕಾವಲಿ ಪಳಗುವುದು ಬಳಸಿ ಬಳಸಿ, ಎಣ್ಣೆ ಕುಡಿದು ಕುಡಿದು. ನಕಾಗೊ ಹಾಗಲ್ಲ, ಅದು ಕತ್ತಲೆಯಲ್ಲಿ ಸುಮ್ನೆ ಕೂತು ಬಣ್ಣ ತಿರುಗುವುದು. ಅದಕ್ಕೆ ಸದ್ಯಕ್ಕೆ 'ಮಾಗುತುಕ್ಕು' ಅಂತ ಬರೆದುಕೊಂಡಿದ್ದೇನೆ. ಹಣ್ಣು ಮಾಗುತ್ತದೆ, ಮನುಷ್ಯ ಮಾಗುತ್ತಾನೆ, ಎರಡರಲ್ಲೂ ಕಾಲ ಇದೆ, ಕೆಟ್ಟುಹೋಗುವ ಭಾವ ಇಲ್ಲ. ಕಿವಿಗೆ ಹೇಗೆ ಕೇಳಿಸುತ್ತದೆ, ಹೇಳಿ.

ನಕಾಗೊಗೆ ನಾನು ಇಟ್ಟಿರುವುದು 'ತೊಟ್ಟು'. ಜಪಾನಿಯಲ್ಲಿ ಆ ಪದಕ್ಕೆ ಬಳಸುವ ಒಂದು ಅಕ್ಷರವೂ ಗಿಡದ ದಂಟಿನದ್ದೇ! ಅದು ತಿಳಿದಾಗ ತುಂಬಾ ಖುಷಿಯಾಯಿತು. ಹಾಗಂದ ಮೇಲೆ ದಂಟು ಅಂತಲೇ ಇಡಬಹುದಿತ್ತು, ಆದರೆ ದಂಟು ಅಂದರೆ ಸೊಪ್ಪೇ ಕಣ್ಣ ಮುಂದೆ ಬರುತ್ತದೆ.

ತೊಟ್ಟಿನ ಮೇಲೆ ಕಮ್ಮಾರ ಕೆತ್ತುವ ಹೆಸರಿಗೆ ಮೇಯ್ ಅನ್ನುತ್ತಾರೆ. ಇದಕ್ಕೆ ಸಹಿ ಅನ್ನುವುದಕ್ಕಿಂತ 'ಅಂಕಿತ' ಅನ್ನೋದು ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ವಚನಗಳಲ್ಲಿ, ದಾಸರ ಪದಗಳಲ್ಲಿ ಅಂಕಿತ ನೋಡಿ ಇದು ಯಾರದ್ದು ಅಂತೇವೆ, ಆಮೇಲೆ ಯಾರೋ ಅಂಕಿತ ಸೇರಿಸಿ ಬರೆದಿರಬಹುದು ಅಂತ ಅನುಮಾನವನ್ನೂ ಪಡುತ್ತೇವೆ. ಕತ್ತಿಯಲ್ಲೂ ಹಾಗೇ. ದೊಡ್ಡ ಕಮ್ಮಾರರ ಹೆಸರಿನ ಕಳ್ಳ ಅಂಕಿತಗಳು ಜಾಸ್ತಿ, ಅದಕ್ಕೆ ಗಿಮೇಯ್ ಅಂತ ಪ್ರತ್ಯೇಕ ಪದವೇ ಇದೆ. ತಾರೀಕು ಇದ್ದರೂ ಎರಡನೇ ತಿಂಗಳು, ಎಂಟನೇ ತಿಂಗಳು ಅಂತ ವಾಡಿಕೆಗೆ ಕೆತ್ತಿರುವುದೇ ಹೆಚ್ಚು, ಹಾಗಾಗಿ ತಿಂಗಳನ್ನು ಅಕ್ಷರಶಃ ನಂಬುವ ಹಾಗಿಲ್ಲ. ಉದ್ದನೆಯ ಹಳೆ ಕತ್ತಿಗಳನ್ನು ಆಮೇಲಿನ ಕಾಲದಲ್ಲಿ ತೊಟ್ಟಿನ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡುತ್ತಿದ್ದರು, ಆಗ ಎಷ್ಟೋ ಸಲ ಅಂಕಿತವೂ ತುಂಡಾಗಿ ಹೋಗುತ್ತಿತ್ತು. ಸುರಿಆಗೆ ಅನ್ನುವ ಈ ಪದಕ್ಕೆ 'ಬುಡ ಕಡಿದ ಕತ್ತಿ' ಅಂದಿದ್ದೇನೆ. ಅಂಕಿತ ಇಲ್ಲ ಅಂದ ಮಾತ್ರಕ್ಕೆ ಕಡಿಮೆ ಅಂತಲೂ ಅಲ್ಲ. 2020ರಲ್ಲಿ ಒಸಾಫುನೆ ಇರುವ ಸೆತೊಉಚಿ ನಗರದವರು ಜನರಿಂದ ದೇಣಿಗೆ ಕೂಡಿಸಿ 50 ಕೋಟಿ ಯೆನ್ ಕೊಟ್ಟು ಕೊಂಡ ಸಾಂಚೋಮೋ ಎಂಬ ಕತ್ತಿಯಲ್ಲಿ ಕಮ್ಮಾರನ ಹೆಸರೇ ಇಲ್ಲ. ಆಕಾರ, ಕಬ್ಬಿಣದ ಮೈ, ಹಮೊನ್ ನೋಡಿಯೇ ಅದು ಕಾಮಾಕುರಾ ಕಾಲದ್ದು (ಸುಮಾರು 1185ರಿಂದ 1333), ಇಚಿಮೊಂಜಿ ಎಂಬ ಕಮ್ಮಾರರ ಪಂಗಡದ ಕೈಯದ್ದು ಅಂದರು.

ಹಮೊನ್ ಅಂದರೆ ಅಲಗಿನ ಬಾಯಿಯ ಉದ್ದಕ್ಕೂ ಕಾಣುವ ಮಂಜಿನಂಥ ಬಿಳಿ ಗೆರೆ. ಕತ್ತಿಗೆ ಮಣ್ಣು ಮೆತ್ತಿ, ಬಾಯಿಯ ಕಡೆ ತೆಳ್ಳಗೆ, ಬೆನ್ನಿನ ಕಡೆ ದಪ್ಪಗೆ ಉಳಿಸಿ, ಕಾಯಿಸಿ ನೀರಿಗೆ ಅದ್ದಿದಾಗ ಮೂಡುವಂಥದ್ದು. ನಮ್ಮ ಕುಲುಮೆಗಳಲ್ಲಿ ಕತ್ತಿಗೆ ಹದ ಕೊಡುವುದು ಅನ್ನುತ್ತಾರಲ್ಲ, ಅದರಿಂದ 'ಹದಗೆರೆ' ಅಂತ ಮಾಡಿಕೊಂಡೆ. ಆಸಿಡ್ ಹಾಕಿ ಬರಿಸಿದ ಗೆರೆಗೆ ಈ ಹೆಸರು ಸಲ್ಲುವುದಿಲ್ಲ ಅನ್ನೋದೂ ಪದದಲ್ಲೇ ಬಂದುಬಿಡುತ್ತದೆ.

ಇನ್ನು ಕಾಲದ ಹೆಸರುಗಳು. 1596ಕ್ಕೆ ಮುಂಚಿನವು ಕೊತೋ, ಅಂದರೆ ಹಳೆಯವು. ಆಮೇಲೆ 1780ರ ಹೊತ್ತಿನವರೆಗಿನವು ಶಿಂತೋ, ಅಂದರೆ ಹೊಸವು. ಅಲ್ಲಿಂದ 1876ರಲ್ಲಿ ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ಸರ್ಕಾರ ನಿಲ್ಲಿಸುವವರೆಗಿನವು ಶಿಂಶಿಂತೋ, ಹೊಸ ಹೊಸವು. ಶಿಂತೋ ಅಂತಲೇ ಬರೆದರೆ ಓದುವವರು ಜಪಾನಿನ ಧರ್ಮ ಅಂದುಕೊಳ್ಳುತ್ತಾರೆ, ಉಚ್ಚಾರ ಒಂದೇ, ಬರೆಯುವ ಅಕ್ಷರ ಬೇರೆ. 'ಹೊಸ ಕತ್ತಿ' ಅಂತ ಬಿಡಿಸಿ ಬರೆದರೆ ಅಂಗಡಿಯಿಂದ ತಂದದ್ದು ಅಂದುಕೊಳ್ಳುತ್ತಾರೆ. ಅದಕ್ಕೆ ಹಳಗನ್ನಡ, ಹೊಸಗನ್ನಡದ ದಾರಿಯಲ್ಲೇ ಹಳಗತ್ತಿ, ಹೊಸಗತ್ತಿ ಅಂತ ಸೇರಿಸಿ ಬರೆದೆ. ಹೊಸಗನ್ನಡ ಅಂದರೆ ಇವತ್ತು ಬೆಳಿಗ್ಗೆಯ ಕನ್ನಡ ಅಲ್ಲ ಅಂತ ಎಲ್ಲರಿಗೂ ಗೊತ್ತಲ್ವಾ. ಮೂರನೆಯದಕ್ಕೆ ಮಾತ್ರ ಏನೂ ಹೊಳೆದಿಲ್ಲ. 'ಮರುಹೊಸಗತ್ತಿ' ನಾಲಿಗೆಗೆ ಭಾರ.

ಕೊನೆಗೆ ಹಳ್ಳಿ ಕಡೆಯವರಿಗೆ ಒಂದು ವಿನಂತಿ. ಕುಡುಗೋಲಿನಲ್ಲಿ ಮರದ ಹಿಡಿಯೊಳಗೆ ಇಳಿಯುವ ಕಬ್ಬಿಣದ ಮೊನೆಗೆ ನಿಮ್ಮೂರ ಕುಲುಮೆಯಲ್ಲಿ ಏನು ಹೇಳುತ್ತಾರೆ? ಊರು, ಜಿಲ್ಲೆ ಸಮೇತ ತಿಳಿಸಿ. ಆಡುಮಾತಿನ ಪದ ಒಂದು ಸಿಕ್ಕರೆ 'ತೊಟ್ಟು' ತೆಗೆದು ಅದನ್ನೇ ಇಡುತ್ತೇನೆ.